‘ತೀರ್ಪುಗಾರರ ತೀರ್ಮಾನವೇ ಅಂತಿಮ’: ಈ ಸಾಲಿಗೆ ನನ್ನ ತಕರಾರು

ಯಾವುದೇ ಸ್ಪರ್ಧೆಯ ಕರಪತ್ರವನ್ನು ಕೈಗೆತ್ತಿಕೊಂಡು ನೋಡಿರಿ. ರಂಗೋಲಿಯಿರಲಿ, ಭಾಷಣವಿರಲಿ, ಕುಸ್ತಿಯಿರಲಿ, ನಿಯಮಗಳ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ತೀರ್ಪುಗಾರರ ತೀರ್ಮಾನವೇ ಅಂತಿಮ.’ ಮಹಾವೀರ ಜಯಂತಿಯ ಸಂದರ್ಭದಲ್ಲಿ ನಮ್ಮ ಬಸದಿಗಳ ಟ್ರಸ್ಟುಗಳು ಯುವಕರಿಗಾಗಿ ಏರ್ಪಡಿಸುವ ಕ್ರೀಡೆಗಳ ಕರಪತ್ರಗಳೂ ಇದಕ್ಕೆ ಹೊರತಲ್ಲ. ಅಂತಹ ಎಷ್ಟೋ ಕರಪತ್ರಗಳ ಕರಡನ್ನು ನಾನೇ ತಿದ್ದಿದ್ದೇನೆ. ಈ ಸಾಲಿನ ಮೇಲೆ ಒಮ್ಮೆಯೂ ನನ್ನ ಲೇಖನಿ ನಿಂತದ್ದಿಲ್ಲ. ಇಂದು, ಅರವತ್ತು ದಾಟಿದ ವಯಸ್ಸಿನಲ್ಲಿ, ಈಗಿರುವ ರೂಪದಲ್ಲಿ ಆ ಸಾಲು ಶ್ರಾವಕ ಧರ್ಮಕ್ಕೆ ಒಪ್ಪತಕ್ಕದ್ದಲ್ಲವೆಂದು ಸಮಾಜ ಬಾಂಧವರ ಮುಂದೆ ವಾದಿಸಲು ಹೊರಟಿದ್ದೇನೆ. ಇದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವುದು ಲೇಸು.

ಕೆಲವು ಕಾಲದ ಹಿಂದೆ ಭಾಲ್ಕಿಯಲ್ಲಿ ನಮ್ಮ ಯುವಕರಿಗಾಗಿ ಪಂಜಾ ಸ್ಪರ್ಧೆ ನಡೆಯಿತು. ಮೇಜಿನ ಮೇಲೆ ಮೊಣಕೈಯೂರಿ, ಕೈಗೆ ಕೈ ಹಿಡಿದು ಮಣಿಸುವ ಆಟವಿದು. 2023ರಲ್ಲಿ ದೆಹಲಿಯಲ್ಲಿ ನಡೆದ ಪ್ರೊ ಪಂಜಾ ಲೀಗನ್ನು ಟಿ.ವಿ.ಯಲ್ಲಿ ನೋಡಿ, ಅದರಲ್ಲಿ ನೆರೆಯ ಹೈದರಾಬಾದಿನದೂ ಒಂದು ತಂಡವಿದ್ದುದನ್ನು ಕಂಡು, ನಮ್ಮ ಹುಡುಗರಿಗೂ ಆ ಹುರುಪು ಹತ್ತಿತ್ತು. ಬಡಗಿಯ ಕೈಯಿಂದ ಮೇಜು ಮಾಡಿಸಿ, ನಿಯಮಗಳನ್ನು ಬರೆದುಕೊಂಡು, ‘ಕಾಕಾ, ನೀವೇ ಪಂಚರಾಗಬೇಕು’ ಎಂದು ನನ್ನನ್ನು ಕರೆದೊಯ್ದರು. ನನಗೆ ಆ ಆಟದಲ್ಲಿ ವಿಶೇಷ ಪರಿಶ್ರಮವಿರಲಿಲ್ಲ. ಹಿರಿಯನೆಂಬ ಒಂದೇ ಅರ್ಹತೆಯಿಂದ ಕುರ್ಚಿ ಏರಿದೆ.

ಹತ್ತಿರದಿಂದ ನೋಡದವರಿಗೆ ಪಂಜಾ ಬರಿಯ ತೋಳ್ಬಲದ ಆಟವೆಂದು ತೋರಬಹುದು. ನಿಜದಲ್ಲಿ ಅದು ನಿಯಮಗಳಿಂದ ಬಿಗಿದ ಆಟ. ಒಬ್ಬೊಬ್ಬ ಆಟಗಾರನ ಮೊಣಕೈಗೂ ಮೇಜಿನ ಮೇಲೆ ಒಂದೊಂದು ದಿಂಬು ಇರುತ್ತದೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಅದು 7 ಅಂಗುಲ ಚೌಕ. ಎದುರಾಳಿಯ ಕೈಯನ್ನು ಮಣಿಸಿ ಮುಟ್ಟಿಸಬೇಕಾದ ಎತ್ತರದ ದಿಂಬುಗಳು ಎರಡು ಪಕ್ಕಗಳಲ್ಲಿವೆ. ಇನ್ನೊಂದು ಕೈಯಿಂದ ಹಿಡಿದುಕೊಳ್ಳಲು ಗೂಟವಿದೆ. ಆಟ ನಡೆಯುವಾಗ ಮೊಣಕೈ ದಿಂಬನ್ನು ಬಿಟ್ಟು ಮೇಲೆದ್ದರೆ ಅದು ಫೌಲ್. ಎರಡು ಫೌಲ್ ಆದರೆ ಆ ಪಂದ್ಯ ಸೋತಂತೆ. ‘ಗೋ’ ಎನ್ನುವ ಮೊದಲೇ ಎಳೆದರೆ ಎಚ್ಚರಿಕೆ. ಹಿಡಿತ ಜಾರಿದರೆ ಇಬ್ಬರ ಕೈಗಳನ್ನೂ ಪಟ್ಟಿಯಿಂದ ಕಟ್ಟಿ ಮತ್ತೆ ಆರಂಭ. ಇವೆಲ್ಲ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುವುದರಿಂದ ಒಂದು ಮೇಜಿಗೆ ಇಬ್ಬರು ತೀರ್ಪುಗಾರರಿರಬೇಕೆಂಬುದು ಕ್ರಮ. ಭಾಲ್ಕಿಯಲ್ಲಿ ಇದ್ದವನು ನಾನೊಬ್ಬನೇ.

ಕೊನೆಯ ಪಂದ್ಯ ಔರಾದ ಕಡೆಯ ಒಬ್ಬ ಹುಡುಗನಿಗೂ ಬೀದರಿನ ಒಬ್ಬ ಹುಡುಗನಿಗೂ ಬಿತ್ತು. ಬೀದರಿನ ಹುಡುಗನ ತಂದೆಯವರೇ ಅಂದಿನ ಬಹುಮಾನವಾದ ಬೆಳ್ಳಿ ಕಡಗದ ದಾನಿಗಳು. ಇಬ್ಬರೂ ಬಹಳ ಹೊತ್ತು ಸಮಬಲದಲ್ಲಿ ನಿಂತರು. ಆಮೇಲೆ ಬೀದರಿನ ಹುಡುಗ ಮೈಭಾರವನ್ನೆಲ್ಲ ಹಾಕಿ ಒಮ್ಮೆಲೇ ಮಣಿಸಿದ. ನಾನು ಅವನ ಕೈಯೆತ್ತಿ ಗೆಲುವನ್ನು ಸಾರಿದೆ. ಸೋತ ಹುಡುಗ ಮೇಜು ಬಿಟ್ಟು ಕದಲಲಿಲ್ಲ. ಮೆಲ್ಲನೆ ಹೇಳಿದ: ‘ಕಾಕಾ, ಅವನ ಮೊಣಕೈ ಮ್ಯಾಲ ಎದ್ದಿತ್ತರಿ. ಇನ್ನೊಮ್ಮೆ ಆಡಸ್ರಿ.’ ನಾನು ಸಿಡುಕಿ, ‘ಹಿರಿಯರ ಮಾತಿಗಿ ಎದುರ ಮಾತಾಡಬ್ಯಾಡ. ಸೋತರ ಸೋತಂಗ ಇರಬೇಕು’ ಎಂದೆ. ಜನ ಚಪ್ಪಾಳೆ ತಟ್ಟಿದರು. ಹುಡುಗ ತಲೆ ತಗ್ಗಿಸಿ ಹೊರಟುಹೋದ.

ಎಂಟು ದಿನಗಳ ಮೇಲೆ ಯಾರೋ ಮೊಬೈಲಿನಲ್ಲಿ ಹಿಡಿದ ಚಿತ್ರವನ್ನು ನನಗೆ ತೋರಿಸಿದರು. ಕೈ ಮಣಿಯುವುದಕ್ಕೆ ಮೊದಲೇ ಗೆದ್ದವನ ಮೊಣಕೈ ದಿಂಬಿನಿಂದ ನಾಲ್ಕು ಬೆರಳು ಮೇಲಿತ್ತು. ನಾನು ನಿಂತ ಬದಿಗೆ ಅವನ ಬೆನ್ನು ಅಡ್ಡವಾಗಿತ್ತು, ಕಂಡಿರಲಾರದು. ಆದರೆ ಬೆನ್ನೇ ಅಡ್ಡವಾಗಿತ್ತೋ, ಬೆಳ್ಳಿ ಕಡಗವೂ ಸ್ವಲ್ಪ ಅಡ್ಡ ಬಂದಿತ್ತೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಆ ಹುಡುಗ ಕಡಗವನ್ನು ಕೇಳಲಿಲ್ಲ, ಗೆಲುವನ್ನೂ ಕೇಳಲಿಲ್ಲ. ನಿಯಮದಂತೆ ಮತ್ತೊಮ್ಮೆ ಆಡುವ ಅವಕಾಶವನ್ನಷ್ಟೇ ಕೇಳಿದ್ದ. ಅವನು ಹೇಳಿದ್ದು ಸತ್ಯ. ಸಭೆಯಲ್ಲಿ ಸತ್ಯ ಹೇಳಿದವನಿಗೆ ಛೀಮಾರಿ, ಸುಮ್ಮನಿದ್ದವನಿಗೆ ಕಡಗ!

ಇದರ ಪರಿಣಾಮವೇನಾಯಿತು? ಮುಂದಿನ ವರ್ಷದ ಸಿದ್ಧತೆಗಾಗಿ ಕೂಡಿದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, ‘ಹುಡುಗರು ಎದುರು ಮಾತಾಡುವುದನ್ನು ಕಲಿಯುತ್ತಿದ್ದಾರೆ, ತೀರ್ಮಾನವೇ ಅಂತಿಮ ಎಂಬುದನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕು’ ಎಂದು ಸೂಚಿಸಿದರು. ಹಲವರು ತಲೆಯಾಡಿಸಿದರು. ಈ ಲೇಖನ ಆ ಸೂಚನೆಗೆ ನನ್ನ ಉತ್ತರ.

ತೀರ್ಮಾನವೆಂಬುದು ಒಂದು ಹಂತದಲ್ಲಿ ಅಂತಿಮವಾಗಲೇಬೇಕು, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೊನೆಯಿಲ್ಲದ ವ್ಯಾಜ್ಯದಿಂದ ಆಟ ಕೆಡುತ್ತದೆ. ಆದರೆ ‘ಅಂತಿಮ’ ಎಂಬುದು ಬೇರೆ, ‘ಪ್ರಶ್ನಾತೀತ’ ಎಂಬುದು ಬೇರೆ. ಕೇಳಿ, ನೋಡಿ, ವಿಚಾರಿಸಿ ಆಡಿದ ಮಾತು ಅಂತಿಮವಾಗಬಹುದು. ಕೇಳದೆಯೇ ಬಾಯಿ ಮುಚ್ಚಿಸಿದ ಮಾತಿಗೆ ಅಂತಿಮತ್ವ ಬರುವುದು ಗಟ್ಟಿ ಧ್ವನಿಯಿಂದ ಮಾತ್ರ. ನಾವು ಕರಪತ್ರದಲ್ಲಿ ಮೊದಲನೆಯದನ್ನು ಬರೆದು, ಕಣದಲ್ಲಿ ಎರಡನೆಯದನ್ನು ನಡೆಸುತ್ತಿದ್ದೇವೆ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಕ್ಷಮೆಯದು. ‘ಜೈನನಾದವನು ಸಹಿಸಬೇಕು, ಒಂದು ಕಡಗಕ್ಕಾಗಿ ವಾದಿಸುವುದು ಕಷಾಯವಲ್ಲವೆ?’ ಎನ್ನುತ್ತಾರೆ. ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆ ಮೊದಲನೆಯದು, ನಿಜ. ಆದರೆ ಎರಡನೆಯದು ಮಾರ್ದವ, ಮೂರನೆಯದು ಆರ್ಜವ. ಸೋತವನಿಂದ ನಾವು ಕ್ಷಮೆಯನ್ನು ಕೇಳುತ್ತೇವೆ. ತೀರ್ಪುಗಾರನಿಂದ ಮಾರ್ದವವನ್ನು, ಅಂದರೆ ‘ನನ್ನಿಂದ ತಪ್ಪಾಗಿರಬಹುದು’ ಎಂಬ ನಮ್ರತೆಯನ್ನು ಏಕೆ ಕೇಳುವುದಿಲ್ಲ? ಗೆದ್ದವನಿಂದ ಆರ್ಜವವನ್ನು, ಅಂದರೆ ‘ನನ್ನ ಮೊಣಕೈ ಎದ್ದಿತ್ತು’ ಎಂಬ ನೇರವಾದ ಮಾತನ್ನು ಏಕೆ ಕೇಳುವುದಿಲ್ಲ? ಮೂವರು ಹೊರಬೇಕಾದ ಧರ್ಮದ ಭಾರವನ್ನೆಲ್ಲ ಅನ್ಯಾಯಕ್ಕೊಳಗಾದ ಒಬ್ಬನ ತಲೆಯ ಮೇಲೆ ಹೇರಿ, ಅದನ್ನು ಸಂಸ್ಕಾರವೆಂದು ಕರೆಯುತ್ತಿದ್ದೇವೆ. ಕ್ಷಮಿಸುವ ಅಧಿಕಾರ ನೊಂದವನದು. ನೋಯಿಸಿದವನು ‘ಕ್ಷಮಿಸು’ ಎಂದು ಬೇಡಬಹುದೇ ಹೊರತು ಆಜ್ಞೆ ಮಾಡಲು ಬರುವುದಿಲ್ಲ.

ಎರಡನೆಯ ಆಕ್ಷೇಪಣೆ ಗೌರವದ್ದು. ತೀರ್ಪನ್ನು ಪ್ರಶ್ನಿಸಿದರೆ ಪಂಚರ ಮಾನ ಹೋಗುತ್ತದೆಯಂತೆ. ಬೀದರಿನ ಗಾಂಧಿಗಂಜಿನಲ್ಲಿ ತೊಗರಿ, ಉದ್ದು, ಸೋಯಾ ತೂಗಿಸುತ್ತ ಬಾಳು ಕಳೆದವನು ನಾನು. ತೂಕದ ಮೇಲೆ ರೈತ ತಕರಾರು ಮಾಡಿದರೆ ಚೀಲವನ್ನು ಮತ್ತೆ ಕಾಂಟಾಕ್ಕೆ ಏರಿಸಬೇಕು. ಮರುತೂಕದಿಂದ ಯಾವ ವ್ಯಾಪಾರಿಯ ಮಾನವೂ ಹೋದದ್ದನ್ನು ನಾನು ಕಂಡಿಲ್ಲ; ಮರುತೂಕಕ್ಕೆ ಒಪ್ಪದವನ ಅಂಗಡಿಯ ಮೇಲೆ ಸಂಶಯ ಹುಟ್ಟಿದ್ದನ್ನು ಕಂಡಿದ್ದೇನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವೂ ಒಂದು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು ಅದರ ಅರ್ಥ. ಅಂಗಡಿಯ ಅಳತೆಗೆ ಅನ್ವಯಿಸುವ ವ್ರತ ಬಸದಿಯ ಅಂಗಳದ ಅಳತೆಗೆ ಅನ್ವಯಿಸದೆ? ದಾನಿಯ ಮಗನಿಗೆ ಒಂದು ಕಣ್ಣು, ಪರವೂರ ಹುಡುಗನಿಗೆ ಇನ್ನೊಂದು ಕಣ್ಣು ಎಂದಾದರೆ ಅದೂ ಹೀನಾಧಿಕ ಮಾನವೇ.

ಅದೇ ಐದರಲ್ಲಿ ಇನ್ನೊಂದು ‘ತದಾಹೃತಾದಾನ’. ಕದ್ದು ತಂದ ವಸ್ತುವನ್ನು ತಾನು ಕದಿಯದಿದ್ದರೂ ಸ್ವೀಕರಿಸುವುದು. ತಪ್ಪು ತೀರ್ಪಿನಿಂದ ಬಂದ ಬಹುಮಾನವನ್ನು ಗೊತ್ತಿದ್ದೂ ಇಟ್ಟುಕೊಳ್ಳುವುದು ಅಕ್ಷರಶಃ ಅದಲ್ಲದಿರಬಹುದು, ಆದರೆ ಅದರ ನೆರೆಮನೆಯದಂತೂ ಹೌದು. ‘ನಾನೇನೂ ಮಾಡಲಿಲ್ಲ, ಪಂಚರೇ ಕೊಟ್ಟರು’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಗಿರಾಕಿ ಮರೆತು ಹೆಚ್ಚು ಹಣ ಕೊಟ್ಟರೆ ಕರೆದು ಹಿಂದಿರುಗಿಸಬೇಕೆಂದು ಮಕ್ಕಳಿಗೆ ಕಲಿಸುತ್ತೇವಲ್ಲ!

ಇದು ಆಚರಣೆಗೆ ಬಾರದ ಆದರ್ಶವೆಂದು ಯಾರೂ ಹೇಳಬಾರದು. ನಮ್ಮ ನಾಡಿನಲ್ಲಿಯೇ ಆಚರಿಸಿ ತೋರಿಸಿದವರಿದ್ದಾರೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ನಡೆದ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯಕ್ಕೆ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರು ನಾಯಕರು. ಇಂಗ್ಲೆಂಡ್ 58 ಓಟಗಳಿಗೆ 5 ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿಯಾಗಿತ್ತು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂಬುದು ಖಚಿತವಾಗಿತ್ತು. ಅವರು ಟೇಲರನ್ನು ಹಿಂದಕ್ಕೆ ಕರೆಸಿದರು. ಮುಂದೆ ಟೇಲರ್ ಮತ್ತು ಬಾಥಮ್ ಸೇರಿ 171 ಓಟಗಳ ಜೊತೆಯಾಟವಾಡಿದರು. ಭಾರತ 10 ವಿಕೆಟುಗಳಿಂದ ಸೋತಿತು. ತನಗೆ ಅನುಕೂಲವಾಗಿದ್ದ ತೀರ್ಪನ್ನೇ ಪ್ರಶ್ನಿಸಿದ ನಾಯಕನ ಹೆಸರು ಇಂದಿಗೂ ಗೌರವದಿಂದ ಉಳಿದಿದೆ. ಅಂಪೈರರ ಮಾನವೇನೂ ಮುಳುಗಿಹೋಗಲಿಲ್ಲ.

ಹೊರದೇಶದ ಒಂದು ನಿದರ್ಶನವೂ ಮನನೀಯ. 1988ರ ಸೋಲ್ ಒಲಿಂಪಿಕ್ಸಿನ ಬಾಕ್ಸಿಂಗ್ ಅಂತಿಮ ಪಂದ್ಯದಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಪೆಟ್ಟುಗಳನ್ನು ತಾಗಿಸಿದ್ದರೆ, ಕೊರಿಯಾದ ಪಾರ್ಕ್ ಸಿ-ಹುನ್ ತಾಗಿಸಿದ್ದು 32. ಆದರೂ ಐವರು ತೀರ್ಪುಗಾರರಲ್ಲಿ ಮೂವರು ಪಾರ್ಕ್ ಗೆದ್ದರೆಂದರು. ಸ್ವರ್ಣಪದಕ ಅವರದಾಯಿತು. ತೀರ್ಮಾನವೇ ಅಂತಿಮ! ಆದರೆ ಆ ಪದಕ ಪಾರ್ಕ್ ಅವರಿಗೆ ನೆಮ್ಮದಿಯನ್ನು ಕೊಡಲಿಲ್ಲ. 35 ವರ್ಷಗಳ ಬಳಿಕ, 2023ರಲ್ಲಿ, ಅವರು ಅಮೆರಿಕಕ್ಕೆ ಪ್ರಯಾಣ ಮಾಡಿ ಜೋನ್ಸ್ ಅವರ ಊರಿಗೇ ಹೋಗಿ ಆ ಪದಕವನ್ನು ಅವರ ಕೈಗಿತ್ತರು. ಅಂದೇ ತೀರ್ಪನ್ನು ತಿದ್ದಿದ್ದರೆ ಸೋತವನಿಗೆ ಮಾತ್ರವಲ್ಲ, ಗೆದ್ದವನಿಗೂ ಉಪಕಾರವಾಗುತ್ತಿತ್ತು. ತಪ್ಪು ತೀರ್ಪು ಇಬ್ಬರನ್ನೂ ಕಟ್ಟಿಹಾಕುತ್ತದೆ. ಕರ್ಮಬಂಧದ ಸಿದ್ಧಾಂತವನ್ನು ನಂಬಿದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕೆ?

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಬಲವಾದದ್ದು. ‘ಒಮ್ಮೆ ಬಾಗಿಲು ತೆರೆದರೆ ಸೋತವರೆಲ್ಲರೂ ತಕರಾರು ಮಾಡುತ್ತಾರೆ, ಬಡಿದಾಟವಾಗುತ್ತದೆ’ ಎಂಬುದು. ಬಡಿದಾಟವಾಗುವುದು ನಿಜ. 2025ರ ಫೆಬ್ರವರಿಯಲ್ಲಿ ನೆರೆಯ ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿ, ಅಂದರೆ ಹಿಂದಿನ ಅಹ್ಮದನಗರದಲ್ಲಿ, ಮಹಾರಾಷ್ಟ್ರ ಕೇಸರಿ ಕುಸ್ತಿಯಲ್ಲಿ ತೀರ್ಪನ್ನು ಒಪ್ಪದ ಪೈಲ್ವಾನನೊಬ್ಬ ತೀರ್ಪುಗಾರರನ್ನು ಕಾಲಿನಿಂದ ಒದ್ದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅವನಿಗೂ, ಅಂದೇ ತೀರ್ಪುಗಾರರೊಡನೆ ಜಗಳವಾಡಿ ಹೊರನಡೆದ ಇನ್ನೊಬ್ಬನಿಗೂ ಮೂರು ಮೂರು ವರ್ಷಗಳ ನಿಷೇಧವಾಯಿತು. ಆ ನಡತೆಯನ್ನು ನಾನು ಸಮರ್ಥಿಸುವುದಿಲ್ಲ. ಹಿಂಸೆಯಿಂದ ಕೇಳಿದ ಪ್ರಶ್ನೆ ಸರಿಯಿದ್ದರೂ ತಪ್ಪೇ. ಆದರೆ ಬಾಗಿಲು ಮುಚ್ಚಿದರೆ ಶಾಂತಿ ನೆಲೆಸುತ್ತದೆಯೆಂಬ ಮಾತನ್ನು ಒಪ್ಪಲಾರೆ. 2014ರ ಇಂಚಿಯಾನ್ ಏಷ್ಯನ್ ಕ್ರೀಡೆಗಳಲ್ಲಿ ಮಣಿಪುರದ ಬಾಕ್ಸರ್ ಸರಿತಾದೇವಿಯವರು ಸೋತರೆಂದು ತೀರ್ಪಾದಾಗ ಅವರ ಕಡೆಯವರು ಶುಲ್ಕ ಕಟ್ಟಿ ದೂರು ಕೊಟ್ಟರು. ತೀರ್ಪುಗಾರರ ಅಂಕಗಳನ್ನು ಪ್ರಶ್ನಿಸಲು ನಿಯಮದಲ್ಲಿ ಅವಕಾಶವೇ ಇಲ್ಲವೆಂದು ದೂರು ತಳ್ಳಿಹೋಯಿತು. ಮರುದಿನ ಅವರು ಕಂಚಿನ ಪದಕವನ್ನು ಕೊರಳಿಗೆ ಹಾಕಿಸಿಕೊಳ್ಳದೆ, ಅಳುತ್ತ ಕೊರಿಯಾದ ಎದುರಾಳಿಯ ಕೊರಳಿಗೆ ಹಾಕಿದರು. ಒಂದು ವರ್ಷದ ನಿಷೇಧವನ್ನೂ ಅನುಭವಿಸಿದರು. ನ್ಯಾಯ ಕೇಳಲು ದಾರಿಯಿಲ್ಲದಲ್ಲಿ ನೋವು ಪದಕ ಕೊಡುವ ವೇದಿಕೆಯ ಮೇಲೆಯೇ ಒಡೆದು ಹೊರಬಂತು.

ಇದಕ್ಕೆ ಪ್ರತಿಯಾಗಿ, ಕ್ರಮಬದ್ಧವಾದ ಬಾಗಿಲನ್ನಿಟ್ಟ ಆಟಗಳನ್ನು ನೋಡಿರಿ. ಒಲಿಂಪಿಕ್ ಕುಸ್ತಿಯಲ್ಲಿ ತರಬೇತುದಾರನು ಮೆತ್ತನೆಯ ಒಂದು ವಸ್ತುವನ್ನು ಕಣದೊಳಗೆ ಎಸೆದು ತೀರ್ಪಿನ ಮರುಪರಿಶೀಲನೆ ಕೇಳಬಹುದು. ಕೇಳಿದ್ದು ತಪ್ಪಾದರೆ ಎದುರಾಳಿಗೆ ಒಂದು ಅಂಕ. ಆ ಪಂದ್ಯದಲ್ಲಿ ಮತ್ತೆ ಕೇಳುವ ಹಕ್ಕೂ ಇಲ್ಲ. ಕ್ರಿಕೆಟ್ಟಿನಲ್ಲಿ 2008ರ ಭಾರತ-ಶ್ರೀಲಂಕಾ ಟೆಸ್ಟ್ ಸರಣಿಯಲ್ಲಿ ಮೊದಲು ಪ್ರಯೋಗಿಸಿದ ಮರುಪರಿಶೀಲನೆ ಇಂದು ಎಲ್ಲರಿಗೂ ಪರಿಚಿತ, ಅಲ್ಲಿಯೂ ಮಿತಿಯಿದೆ. ಸುಳ್ಳು ತಕರಾರಿಗೆ ಬೆಲೆಯಿರುವುದರಿಂದ ಆಟಗಾರ ಕೇಳುವ ಮೊದಲು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ.

ಇಲ್ಲಿಯೇ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಪ್ಪನ್ನು ಪ್ರಶ್ನಿಸುವುದು ಬೇರೆ, ಸೋಲನ್ನು ಪ್ರಶ್ನಿಸುವುದು ಬೇರೆ. ಇದಕ್ಕೆ ನಮ್ಮ ಪುರಾಣಕ್ಕಿಂತ ದೊಡ್ಡ ಪಾಠವಿಲ್ಲ. ನಮಗೆ ದೂರವಲ್ಲದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, ಮುಂದಿನ ಶತಮಾನದಲ್ಲಿ ಪಂಪ ಕನ್ನಡದಲ್ಲಿಯೂ ಭರತ-ಬಾಹುಬಲಿಯರ ಕಥೆಯನ್ನು ಹೇಳಿದ್ದಾರೆ. ಸೈನ್ಯಗಳ ರಕ್ತಪಾತವನ್ನು ತಪ್ಪಿಸಲು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಸ್ಪರ್ಧೆಗಳನ್ನು ನಿಯಮಿಸಿದರು. ಎರಡೂ ಕಡೆಯವರು ಸಾಕ್ಷಿಯಾಗಿರಲು ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿಯೂ ನೆಲಕ್ಕೆ ಅಪ್ಪಳಿಸಲಿಲ್ಲ. ತೀರ್ಪಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಭರತನು ಚಕ್ರವನ್ನು ಪ್ರಯೋಗಿಸಿದನು. ಅವನು ಪ್ರಶ್ನಿಸಿದ್ದು ತಪ್ಪನ್ನಲ್ಲ, ತನ್ನ ಸೋಲನ್ನು. ಚಕ್ರರತ್ನವೇ ಬಾಹುಬಲಿಯನ್ನು ಬಲಗೊಂಡು ಆ ತಕರಾರನ್ನು ತಳ್ಳಿಹಾಕಿತು. ಔರಾದದ ಹುಡುಗನನ್ನು ಗದರಿಸಿದ ದಿನ ನನ್ನ ಮನಸ್ಸಿನಲ್ಲಿದ್ದುದು ಈ ಭರತನೇ. ಸೋತವನು ಬಾಯಿ ತೆರೆದರೆ ಅದು ಚಕ್ರಪ್ರಯೋಗವೆಂದೇ ಬಗೆದೆ. ಕೈಯಲ್ಲಿ ಚಕ್ರವಿಲ್ಲದೆ, ಬಾಯಲ್ಲಿ ಸತ್ಯವಿಟ್ಟುಕೊಂಡು ನಿಂತವನನ್ನು ಗುರುತಿಸದೆ ಹೋದೆ.

ಹಾಗಾದರೆ ಟ್ರಸ್ಟುಗಳು ಮಾಡಬೇಕಾದದ್ದೇನು? ಖರ್ಚಿಲ್ಲದ ಐದು ಸೂಚನೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಪಂಜಾ ಸ್ಪರ್ಧೆಗೆ ಮೇಜಿನ ಎರಡು ಬದಿಗೂ ಒಬ್ಬೊಬ್ಬ ತೀರ್ಪುಗಾರರಿರಲಿ. ಒಂದು ಬದಿಯಿಂದ ಕಂಡದ್ದು ಒಂದು ನಯ ಮಾತ್ರ ಎಂಬುದನ್ನು ಅನೇಕಾಂತವಾದಿಗಳಾದ ನಾವೇ ಮರೆಯಬಾರದು. ಎರಡನೆಯದು, ದಾನಿಗಳ ಬಂಧುಗಳು ಆಡುವ ಪಂದ್ಯಕ್ಕೆ ದಾನಿಗಳೊಡನೆ ವ್ಯವಹಾರವಿರುವವರು ಪಂಚರಾಗಬಾರದು. ಗಂಜಿನ ವ್ಯಾಪಾರಿಯಾದ ನಾನು ಅಂದು ಕುರ್ಚಿಯಿಂದ ಏಳಬೇಕಾಗಿತ್ತು. ಮೂರನೆಯದು, ತಕರಾರು ಕಣ್ಣಿಗೆ ಕಾಣುವ ಸಂಗತಿಯ ಮೇಲೆ ಮಾತ್ರವಿರಲಿ: ಮೊಣಕೈ ಎದ್ದಿತೆ, ಮೊದಲೇ ಎಳೆದನೆ, ಕೈ ದಿಂಬನ್ನು ಮುಟ್ಟಿತೆ. ಅದನ್ನು ಆಟಗಾರನೇ, ಮೇಜು ಬಿಡುವ ಮೊದಲು, ಕೈಯೆತ್ತಿ ಹೇಳಬೇಕು. ಗುಂಪಿನಿಂದ ತಂದೆ, ಕಾಕಾ, ಮಾವಂದಿರು ಕೂಗುವಂತಿಲ್ಲ. ನಾಲ್ಕನೆಯದು, ಇದಕ್ಕೆ ಹಣದ ಠೇವಣಿ ಬೇಡ. ಹಣವಿಟ್ಟರೆ ಉಳ್ಳವನು ಮಾತ್ರ ನ್ಯಾಯ ಕೇಳಬಲ್ಲ. ಸುಳ್ಳು ತಕರಾರು ಮಾಡಿದವನು ಆ ದಿನ ಮತ್ತೆ ಕೇಳುವ ಹಕ್ಕನ್ನು ಕಳೆದುಕೊಳ್ಳಲಿ, ಅಷ್ಟು ಸಾಕು. ಐದನೆಯದು, ತೀರ್ಪು ಹೇಳುವ ಮೊದಲು ಗೆದ್ದವನನ್ನೇ ಕರೆದು ‘ಅಪ್ಪಾ, ನಿನ್ನ ಮೊಣಕೈ ಎದ್ದಿತ್ತೆ?’ ಎಂದು ಕೇಳಲಿ. ಅವನು ಸುಳ್ಳು ಹೇಳಬಹುದು. ಆದರೆ ಎಷ್ಟು ಹುಡುಗರು ನಿಜ ಹೇಳುತ್ತಾರೆಂಬುದನ್ನು ನೋಡಿ ನಮಗೇ ಆಶ್ಚರ್ಯವಾದೀತು. ಇದುವರೆಗೆ ಅವರನ್ನು ಯಾರೂ ಕೇಳಿಯೇ ಇಲ್ಲ. ಇಷ್ಟಾದ ಮೇಲೆ ಇಬ್ಬರು ಪಂಚರು ಕೂಡಿ ಆಡಿದ ಮಾತು ಅಂತಿಮವಾಗಲಿ. ಅದಕ್ಕೆ ನಾನೂ ತಲೆಬಾಗುತ್ತೇನೆ.

ನಮ್ಮ ಗಡಿ ಸೀಮೆಯ ಅಂಗಡಿಗಳ ಪಾವತಿಗಳ ಕೆಳಗೆ ಹಿಂದಿನಿಂದಲೂ ಮರಾಠಿಯ ಒಂದು ಮಾತು ಅಚ್ಚಾಗುತ್ತ ಬಂದಿದೆ: ‘ಚೂಕ ಭೂಲ ದ್ಯಾವಿ ಘ್ಯಾವಿ.’ ತಪ್ಪು ಮರೆವುಗಳಿದ್ದರೆ ಕೊಟ್ಟು ತೆಗೆದುಕೊಂಡು ಸರಿಪಡಿಸಿಕೊಳ್ಳೋಣ ಎಂದು ಅದರ ಭಾವ. ಲೆಕ್ಕ ಕೂಡಿಸುವವನೇ ತನ್ನ ಲೆಕ್ಕದ ಕೆಳಗೆ ‘ನಾನು ತಪ್ಪಬಲ್ಲೆ’ ಎಂದು ಬರೆದುಕೊಳ್ಳುವ ವಿನಯವಿದು. ಬಿ.ಕಾಂ. ಓದುವಾಗ ಲೆಕ್ಕಪರಿಶೋಧನೆಯ ದೊಡ್ಡ ಗ್ರಂಥಗಳನ್ನು ಓದಿದೆ. ಅವುಗಳ ಸಾರ ಈ ನಾಲ್ಕು ಮಾತುಗಳಲ್ಲಿಯೇ ಇತ್ತು. ಹತ್ತು ರೂಪಾಯಿಯ ಪಾವತಿಗೆ ಇರುವ ವಿನಯ ಬಸದಿಯ ಹೆಸರಿನಲ್ಲಿ ಹೊರಡುವ ಕರಪತ್ರಕ್ಕೆ ಬೇಡವೆ?

ಕಳೆದ ತಿಂಗಳು ನಾನು ಔರಾದಕ್ಕೆ ಹೋಗಿ ಆ ಹುಡುಗನ ಮನೆಯಲ್ಲಿ ಕುಳಿತು, ಅವನ ತಂದೆ ತಾಯಿಗಳ ಎದುರಿಗೆ, ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವನಿಗೆ ಕಡಗದ ಆಸೆ ಉಳಿದಿರಲಿಲ್ಲ. ‘ಹೋಗ್ಲಿ ಬಿಡ್ರಿ ಕಾಕಾ’ ಎಂದ. ಸ್ವಲ್ಪ ತಡೆದು, ‘ಅವತ್ತ ಒಮ್ಮೆ ನೋಡ್ತೀನಿ ಅಂದಿದ್ರ ಸಾಕಿತ್ತರಿ’ ಎಂದ. ಅಂದಿನಿಂದ ಅವನು ನಮ್ಮ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲವೆಂಬುದು ಆಗ ತಿಳಿಯಿತು. ಒಂದು ಕಡಗಕ್ಕಾಗಿ ಇಷ್ಟು ದೊಡ್ಡ ಲೇಖನವೇ ಎಂದು ಕೇಳುವವರಿಗೆ ಇದೇ ನನ್ನ ಉತ್ತರ. ನಾವು ಕಳೆದುಕೊಂಡಿದ್ದು ಕಡಗವನ್ನಲ್ಲ, ಸತ್ಯ ಹೇಳಲು ಅಂಜದ ಒಬ್ಬ ಹುಡುಗನನ್ನು.

ಆದುದರಿಂದ ಮುಂದಿನ ಕರಪತ್ರ ಅಚ್ಚಿಗೆ ಹೋಗುವ ಮೊದಲು ಆ ಸಾಲನ್ನು ಹೀಗೆ ತಿದ್ದಬೇಕೆಂದು ಬೀದರ, ಭಾಲ್ಕಿ, ಔರಾದಗಳ ಟ್ರಸ್ಟುಗಳಲ್ಲಿ ನನ್ನ ವಿನಂತಿ: ‘ಆಟಗಾರನ ತಕರಾರನ್ನು ಕೇಳಿದ ಮೇಲೆ ತೀರ್ಪುಗಾರರು ಕೊಡುವ ತೀರ್ಮಾನ ಅಂತಿಮ.’ ದಪ್ಪಕ್ಷರದಲ್ಲಿಯೇ ಮುದ್ರಿಸಲಿ, ನನ್ನ ಅಭ್ಯಂತರವಿಲ್ಲ.